ಪ್ರತಿಕ್ರಿಯೆ: ರಾಷ್ಟ್ರಗೀತೆ ಹುಟ್ಟಿದ್ದು ಮದನಪಲ್ಲಿಯಲ್ಲಾ?

ನಮಸ್ಕಾರ. ಮಗಳ ಕ್ವಿಜ್‌ನಲ್ಲಿ 'ಜನಗಣಮನ ಹುಟ್ಟಿದ ಊರು ಮದನಪಲ್ಲಿ' ಎಂದು ಉತ್ತರ ಕೊಟ್ಟಿದ್ದಾರೆ, ಇದು ಸರಿಯಾ ಎಂದು ಕೇಳಿದ್ದೀರಿ. ಸರಿಯಲ್ಲ. ಆದರೆ ಆಂಧ್ರದ ಆ ಊರಿಗೂ ಹಾಡಿಗೂ ನಿಜವಾದ ನಂಟಿದೆ.

ರವೀಂದ್ರನಾಥ ಟ್ಯಾಗೋರರು ಇದನ್ನು ಬರೆದದ್ದು ಬಂಗಾಳಿಯಲ್ಲಿ. 1911ರ ಡಿಸೆಂಬರ್ 27ರಂದು ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಇದನ್ನು ಮೊದಲ ಸಲ ಹಾಡಲಾಯಿತು. ಟ್ಯಾಗೋರರು ಮದನಪಲ್ಲಿಗೆ ಬಂದದ್ದು 1919ರಲ್ಲಿ. ಅಲ್ಲಿನ ಥಿಯೊಸಾಫಿಕಲ್ ಕಾಲೇಜಿನಲ್ಲಿ ಉಳಿದುಕೊಂಡಿದ್ದಾಗ ಹಾಡನ್ನು ಇಂಗ್ಲಿಷಿಗೆ ತಂದರು. ಕಾಲೇಜಿನ ಪ್ರಾಂಶುಪಾಲರ ಪತ್ನಿ, ಸಂಗೀತ ಬಲ್ಲ ಮಾರ್ಗರೆಟ್ ಕಸಿನ್ಸ್ ಅದರ ಧಾಟಿಗೆ ಸ್ವರಲಿಪಿ ಬರೆದರು. ನಮ್ಮ ಕೋಲಾರದ ಗಡಿಯಿಂದ ಆ ಊರು ಜಾಸ್ತಿ ದೂರವಿಲ್ಲ. ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ, ಖಂಡಿತ ಖುಷಿಪಡುತ್ತಾಳೆ.

ರಾಷ್ಟ್ರಗೀತೆಯ ಪಟ್ಟ ಸಿಕ್ಕಿದ್ದು 1950ರ ಜನವರಿ 24ರಂದು. ಹಾಡಿನ ಐದು ಚರಣಗಳಲ್ಲಿ ನಾವು ಹಾಡುವುದು ಮೊದಲನೆಯದನ್ನು ಮಾತ್ರ.

ಇನ್ನೊಂದು ಮಾತು. ಹಾಡಲು ಸುಮಾರು 52 ಸೆಕೆಂಡು ಸಾಕು. ಎಷ್ಟೋ ಶಾಲೆಗಳಲ್ಲಿ ಸುಮ್ನೆ ಎಳೆದು ಎಳೆದು ಹಾಡಿಸುತ್ತಾರೆ, ಮಕ್ಕಳಿಗೆ ಉಸಿರು ಸಾಲುವುದಿಲ್ಲ. ಆ ನಡೆಯ ಚುರುಕೇ ಅದರ ಜೀವ ಅಲ್ವಾ? ಕ್ವಿಜ್ ಉತ್ತರದ ಬಗ್ಗೆ ಟೀಚರಿಗೂ ಒಂದು ಮಾತು ತಿಳಿಸಿ. ಬೇರೆ ಮಕ್ಕಳೂ ಅದನ್ನೇ ಬಾಯಿಪಾಠ ಮಾಡಿರುತ್ತಾರೆ.