ಹಳೆಯ ಕಮಾನು ಕಿಟಕಿ ಬದಲಿಸಲು ಅಗಲ, ಎತ್ತರ ಕೊಟ್ಟರೆ ಸಾಕೇ? ಮರವೋ, ಅಲ್ಯೂಮಿನಿಯಮ್ಮೋ?

ನಿಮ್ಮ ಕಿಟಕಿಯ ಅಗಲ 1200 ಮಿ.ಮೀ., ಕಮಾನಿನ ಏರು (ಕಮಾನು ಶುರುವಾಗುವ ಮಟ್ಟದಿಂದ ಅದರ ನೆತ್ತಿಯವರೆಗಿನ ಎತ್ತರ) 300 ಮಿ.ಮೀ., ಮರದ ಚೌಕಟ್ಟು ಕೆಳಗಡೆ ಕೊಳೆತಿದೆ ಎಂದಿದ್ದೀರಿ. ಅಲ್ಯೂಮಿನಿಯಮ್ಮಿನಲ್ಲಿ ಖಂಡಿತ ಮಾಡಿಸಬಹುದು. ಆದರೆ ಈ ಎರಡೇ ಅಳತೆ ನಂಬಿ ಆರ್ಡರ್ ಕೊಡಬೇಡಿ.

ಮೊದಲು ತ್ರಿಜ್ಯ ಲೆಕ್ಕ ಹಾಕಿ: ಅಗಲದ ವರ್ಗವನ್ನು ಏರಿನ ಎಂಟು ಪಟ್ಟಿನಿಂದ ಭಾಗಿಸಿ, ಏರಿನ ಅರ್ಧ ಕೂಡಿಸಿ. ನಿಮ್ಮದಕ್ಕೆ 600 + 150, ಅಂದರೆ 750 ಮಿ.ಮೀ. ಹಾರ್ಡ್‌ಬೋರ್ಡ್ ಮೇಲೆ ಆ ಕಂಸ ಎಳೆದು ಕತ್ತರಿಸಿ, ಗೋಡೆಯ ಕಮಾನಿಗೆ ಹಿಡಿದು ನೋಡಿ. ಹಳೆಯ ಕಮಾನುಗಳಲ್ಲಿ ಒಂದು ಭುಜ ಇಳಿದಿರುವುದು ಸಾಮಾನ್ಯ. ಬೋರ್ಡ್ ಒಂದು ಕಡೆ ತಾಗಿ ಇನ್ನೊಂದು ಕಡೆ ಸಂದು ಬಿಡುತ್ತದೆ. ತಾಗುವಲ್ಲಿ ಕೆತ್ತುತ್ತಾ ಗೋಡೆಯ ನಿಜವಾದ ಆಕಾರ ಬರುವವರೆಗೆ ತಿದ್ದಿ. ನಡುಗೆರೆ, ಕಮಾನು ಶುರುವಾಗುವ ಮಟ್ಟದ ಗೆರೆ, ಯಾವುದು ಒಳಮೈ ಎಂಬುದನ್ನು ಅದರ ಮೇಲೇ ಬರೆಯಿರಿ. ಬರೆಯದಿದ್ದರೆ ಯಾರೋ ಬೋರ್ಡ್ ಮಗುಚಿ ಇಟ್ಟು, ಎಡಭುಜ ಬಲಕ್ಕೆ ಹೋಗಿರುತ್ತದೆ. ಚೌಕಟ್ಟು ಇದಕ್ಕಿಂತ ಸುತ್ತಲೂ 5 ಮಿ.ಮೀ. ಕಡಿಮೆ ಇರಲಿ. ಹಳೆಯ ಚೌಕಟ್ಟು ಇಟ್ಟಿಗೆಯ ಹಿಂದೆ ಹುದುಗಿರಬಹುದು. ಅಲ್ಲಲ್ಲಿ ಗಾರೆ ಕೆತ್ತಿ ನೋಡದೆ ಅಳೆಯಬೇಡಿ.

ಮರವಾದರೆ ಬಡಗಿ ಗೋಡೆಯ ಈ ಡೊಂಕನ್ನೂ ಅನುಸರಿಸಬಲ್ಲ. ಅಲ್ಯೂಮಿನಿಯಮ್ಮಿಗೆ ನುಣುಪಾದ ಬಾಗು ಬೇಕು. ಹಾಗಾಗಿ ಒಳಗೆ ಹಿಡಿಸುವ ಅತಿ ದೊಡ್ಡ ಕಂಸ ತೆಗೆದುಕೊಂಡು ಉಳಿದ ಸಂದನ್ನು ಗಾರೆಯಲ್ಲಿ ತುಂಬಿಸಬೇಕು.

ಮರದ ಕಮಾನನ್ನು ಒಂದೇ ಹಲಗೆಯಿಂದ ಕೊಯ್ಯಬಾರದು. ತುದಿಗಳಲ್ಲಿ ನಾರು ಅಡ್ಡಕ್ಕೆ ಬಂದು ಅಲ್ಲೇ ಸೀಳುತ್ತದೆ. ಚಿಕ್ಕ ತುಂಡುಗಳನ್ನು ಎರಡು ಪದರವಾಗಿ, ಒಂದರ ಕೂಡು ಇನ್ನೊಂದರ ನಡುವಿಗೆ ಬರುವಂತೆ ಅಂಟಿಸಿ ಮಾಡುವುದು ಒಂದು ದಾರಿ. 3–4 ಮಿ.ಮೀ. ಪಟ್ಟಿಗಳನ್ನು ಅಚ್ಚಿನ ಮೇಲೆ ಬಗ್ಗಿಸಿ ಅಂಟಿಸುವುದು ಇನ್ನೊಂದು. ನನಗೆ ಇದೇ ಹೆಚ್ಚು ಇಷ್ಟ, ನಾರು ಬಾಗಿನುದ್ದಕ್ಕೂ ಕಡಿಯದೆ ಓಡುತ್ತದೆ. ಅಚ್ಚಿನಿಂದ ಬಿಚ್ಚಿದಾಗ ಬಾಗು ಸ್ವಲ್ಪ ಸಡಿಲಿ ಅಗಲವಾಗುತ್ತದೆ, ಆದ್ದರಿಂದ ಅಚ್ಚಿನ ಬಾಗು ತುಸು ಬಿಗಿಯಾಗಿರಬೇಕು. ಚೌಕಟ್ಟಿನ ಎರಡೂ ಪಕ್ಕದ ಕಂಬಗಳ ಕೆಳತುದಿಗೆ ಕೂರಿಸುವ ಮೊದಲೇ ಪ್ರೈಮರ್ ಕುಡಿಸಿ. ನೀರು ಹೀರುವುದು ಆ ತುದಿಯೇ, ನಿಮ್ಮದು ಕೊಳೆತದ್ದೂ ಬಹುಶಃ ಅಲ್ಲಿಂದಲೇ.

ಅಲ್ಯೂಮಿನಿಯಮ್ಮನ್ನು ಮೂರು ರೋಲರ್‌ಗಳ ನಡುವೆ ಹಾಯಿಸಿ ಬಗ್ಗಿಸುತ್ತಾರೆ. ಹೊರಮೈ ಹಿಗ್ಗುತ್ತದೆ, ಒಳಮೈ ಸುಕ್ಕಾಗುತ್ತದೆ, ಬೀಡಿಂಗ್ (ಗಾಜನ್ನು ಹಿಡಿದಿಡುವ ಪಟ್ಟಿ) ಕೂರುವ ಗ್ರೂವ್ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಗ್ರೂವಿನೊಳಗೆ ನೈಲಾನ್ ಪಟ್ಟಿ ತುಂಬಿ ಬಗ್ಗಿಸಬೇಕು. ಪೌಡರ್ ಕೋಟಿಂಗ್ (ಪುಡಿ ಬಣ್ಣ ಕಾಯಿಸಿ ಹಿಡಿಸುವುದು) ಬಗ್ಗಿಸಿದ ನಂತರ ಆಗಲಿ. ಮಾಲು ಕೈಗೆ ಬಂದಾಗ ಬೀಡಿಂಗಿನ ಒಂದು ಚಿಕ್ಕ ತುಂಡನ್ನು ಬಾಗಿನುದ್ದಕ್ಕೂ ಜಾರಿಸಿ ನೋಡಿ. ಸಿಕ್ಕಿಕೊಂಡರೆ ವಾಪಸ್ ಕಳಿಸಿ.

ತುಂಬಾ ಜನ ಎಡವುವುದು ತೆರೆಯುವ ದಿಕ್ಕಿನಲ್ಲಿ. ಎರಡು ಕದಗಳಾದರೆ ಎತ್ತರದ ಮೂಲೆ ನಡುವೆ ಇರುತ್ತದೆ. ಒಳಕ್ಕೆ ಪೂರ್ತಿ ತೆರೆದಾಗ ಅದೇ ಮೂಲೆ ಪಕ್ಕದ ಗೋಡೆಯತ್ತ ಬರುತ್ತದೆ, ಅಲ್ಲಿ ಕಮಾನು ಅತಿ ತಗ್ಗು. ಚೌಕಟ್ಟು ಗೋಡೆಯ ದಪ್ಪದೊಳಗೆ ಕೂತಿದ್ದರೆ ಕದ ಕಮಾನಿಗೆ ಬಡಿಯುತ್ತದೆ. ಕಮಾನು ಶುರುವಾಗುವಲ್ಲಿ ಅಡ್ಡಪಟ್ಟಿ ಕೊಟ್ಟು, ಮೇಲಿನ ಭಾಗಕ್ಕೆ ಗಾಜು ಖಾಯಂ ಕೂರಿಸಿ, ಕೆಳಗೆ ಚೌಕದ ಕದ ಇಡುವುದು ಸುಲಭ. ಹಿಂಜುಗಳೆಲ್ಲ ನೇರ ಭಾಗದಲ್ಲೇ ಬರುತ್ತವೆ.

ಗಾಜಿಗೆ ಬೇರೆಯೇ ಟೆಂಪ್ಲೇಟ್ ಬೇಕು, ಅದೂ ಚೌಕಟ್ಟು ತಯಾರಾದ ಮೇಲೆ. ಸುತ್ತಲೂ 3–4 ಮಿ.ಮೀ. ಕಡಿಮೆ. ಟಫನ್ ಮಾಡಿದ (ಕಾಯಿಸಿ ಗಟ್ಟಿಗೊಳಿಸಿದ) ಗಾಜನ್ನು ಆಮೇಲೆ ಒಂದು ಕೂದಲೆಳೆಯಷ್ಟೂ ಉಜ್ಜಲಾಗದು.

ಹಳೆಯದನ್ನು ತೆಗೆಯುವ ಮೊದಲು ಕಮಾನಿನ ಇಟ್ಟಿಗೆಗಳಲ್ಲಿ ಬಿರುಕಿದೆಯೇ ನೋಡಿ. ಇದ್ದರೆ ಊರುಗೋಲು ಕೊಡದೆ ಕೈಹಾಕಬೇಡಿ. ಕೆಳಪಟ್ಟಿ, ಕಂಬಗಳನ್ನು ನಡುವೆ ಕೊಯ್ದು ಒಳಕ್ಕೆ ಎಳೆಯಿರಿ, ಕಮಾನಿನ ತುಂಡು ಕೊನೆಗೆ. ಹೊಸದನ್ನು ರಸಮಟ್ಟ, ತೂಗುಗುಂಡಿನಿಂದ ನೋಡಿ ಮೂಲೆಯಿಂದ 150 ಮಿ.ಮೀ.ಗೆ ಮೊದಲ ಸ್ಕ್ರೂ, ಆಮೇಲೆ 600 ಮಿ.ಮೀ.ಗಿಂತ ದೂರವಾಗದಂತೆ ಹಾಕಿ. ಸಂದಿಗೆ ಕಡಿಮೆ ಉಬ್ಬುವ ಫೋಮನ್ನೇ ಬಳಸಿ, ಇಲ್ಲದಿದ್ದರೆ ಕಂಬ ಒಳಕ್ಕೆ ಬಾಗಿ ಕದ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿನ ಮೇಲಿನ ಟೇಪನ್ನು ಗಾರೆ ಕೆಲಸ ಮುಗಿಯುವವರೆಗೆ ಕೀಳಬೇಡಿ. ಹಸಿ ಸಿಮೆಂಟ್ ತಾಗಿದ ಕಲೆ ಮತ್ತೆ ಹೋಗುವುದಿಲ್ಲ.