ಟಿಎಸ್‌ಎಚ್ ನಾರ್ಮಲ್ ಬಂತು, ಮಾತ್ರೆ ಬಿಡಬಹುದಾ ಡಾಕ್ಟ್ರೇ?

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ತಿದ್ದೇನೆ. ಈಗ ಟಿಎಸ್‌ಎಚ್ 2.8 ಬಂದಿದೆ. ಮಾತ್ರೆ ಬಿಟ್ಟು ಕೊತ್ತಂಬರಿ ಬೀಜದ ನೀರು ಕುಡಿ ಅಂತ ಪರಿಚಯದವರು ಹೇಳ್ತಿದ್ದಾರೆ. ಬಿಡಬಹುದಾ?

ಬಿಡಬೇಡಿ. ವಾರಕ್ಕೆ ಮೂರ್ನಾಲ್ಕು ಜನ ಇದನ್ನೇ ಕೇಳುತ್ತಾರೆ, ಅರ್ಧದಷ್ಟು ಜನ ಆಗಲೇ ಬಿಟ್ಟು ಬಂದಿರುತ್ತಾರೆ. 2.8 ಬಂದಿರುವುದೇ ಮಾತ್ರೆಯಿಂದ ಅಮ್ಮಾ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್. ಅದು ಹುಟ್ಟುವುದು ಥೈರಾಯ್ಡ್‌ನಲ್ಲಲ್ಲ, ಮೆದುಳಿನ ತಳದಲ್ಲಿರುವ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿಯಲ್ಲಿ. ರಕ್ತದಲ್ಲಿ ಥೈರಾಕ್ಸಿನ್ (ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನ್, ನಿಮ್ಮ ಮಾತ್ರೆಯಲ್ಲಿರುವುದೂ ಅದೇ) ಕಮ್ಮಿಯಾದರೆ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತದೆ, ಸಾಕಷ್ಟಿದ್ದರೆ ಇಳಿಸುತ್ತದೆ. ಥೈರಾಕ್ಸಿನ್ ಕುತ್ತಿಗೆಯ ಗ್ರಂಥಿಯಿಂದ ಬಂತೋ ಮಾತ್ರೆಯಿಂದ ಬಂತೋ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಕೊತ್ತಂಬರಿ ನೀರಿಗೆ ಹೆಸರು ಬರುವುದು ಹೇಗೆ ಗೊತ್ತಾ? ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಮಾತ್ರೆ ಬಿಟ್ಟ ಮೊದಲ ಒಂದೆರಡು ವಾರ ಏನೂ ಆಗುವುದಿಲ್ಲ, ಚೆನ್ನಾಗೇ ಇದ್ದೀನಲ್ಲ ಅನ್ನಿಸುತ್ತದೆ, ಅಷ್ಟರಲ್ಲಿ ನಾಟಿ ವೈದ್ಯರು ದುಡ್ಡು ಎಣಿಸಿಕೊಂಡಾಗಿರುತ್ತದೆ. ಒಬ್ಬ ಹೆಂಗಸು ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ನನ್ನ ಮುಂದೆ ಕೂತಿದ್ದರು. ಮುಖ ಊದಿತ್ತು, ದನಿ ಗಂಡಸರ ಹಾಗೆ ದಪ್ಪ, ಮಗನ ಹೆಸರು ಹೇಳುವುದಕ್ಕೂ ತಡವರಿಸುತ್ತಿದ್ದರು. ಐದು ತಿಂಗಳಿಂದ ಮಾತ್ರೆ ಇಲ್ಲ, ಬ್ಯಾಗಿನಲ್ಲಿ ಅದೇ ನೀರಿನ ಬಾಟಲಿ. ಇಂಥ ಸ್ಥಿತಿಯಲ್ಲಿ ಒಂದು ನ್ಯುಮೋನಿಯಾ ಬಂದರೆ ಸಾಕು, ಪ್ರಜ್ಞೆ ತಪ್ಪಿ ಜೀವ ಹೋಗಬಹುದು. ಆ ಬಾಟಲಿ ನೋಡಿದಾಗ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹೆರಿಗೆಯಾದ ಮೇಲೆ ಬರುವ ಥೈರಾಯ್ಡ್ ತೊಂದರೆಯಂಥ ಕೆಲವು ಸಲ ಮಾತ್ರೆ ನಿಲ್ಲಿಸಿ ನೋಡುತ್ತೇವೆ, ನಿಜ. ಆದರೆ ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು, ನಿಲ್ಲಿಸಿದ 6-8 ವಾರಕ್ಕೆ ಮತ್ತೆ ಪರೀಕ್ಷೆ ಆಗಬೇಕು. ಇನ್ನೊಂದು, ನಿಮ್ಮ ವಯಸ್ಸಿಗೆ ಇದು ಮುಖ್ಯ: ಗರ್ಭಿಣಿ ಅಂತ ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ನಿಮ್ಮ ಥೈರಾಕ್ಸಿನ್ ಮೇಲೆ, ಡೋಸ್ ಬಹುಶಃ ಜಾಸ್ತಿ ಮಾಡಬೇಕಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಮಾತ್ರೆ ಬಾಟಲಿಯನ್ನು ಒಲೆ ಪಕ್ಕದ ಶೆಲ್ಫಿನಲ್ಲಿ ಇಡಬೇಡಿ, ಬಿಸಿಗೆ ಕೆಡುತ್ತದೆ.

ಪ್ರಶ್ನೆ: ನಾವು ಮೆದುಳಿನ ಶೇ 10 ಮಾತ್ರ ಬಳಸುತ್ತೇವಂತೆ, ಹೌದಾ?

ಸುಳ್ಳು. ಪೂರ್ತಿ ಬಳಸುತ್ತೇವೆ, ನಿದ್ದೆಯಲ್ಲೂ ಅದಕ್ಕೆ ಕೆಲಸ ಇದೆ.

ಪ್ರಶ್ನೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಕಾ?

ಬೇಡ. ಬಾಯಿಗೂ ಏನೂ ತುರುಕಬೇಡಿ. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.