ಮೊಸರನ್ನವನ್ನು ತಟ್ಟೆಯಿಂದ ತೆಗೆಯುವ ಮುನ್ನ

ಪಾಂಡವಪುರ ತಾಲ್ಲೂಕಿನ ತಾಯಿಯೊಬ್ಬರು ನಮಗೆ ಐದು ಪುಟಗಳ ಪತ್ರ ಬರೆದಿದ್ದಾರೆ. ಅವರ ಕೋರಿಕೆಯಂತೆ ಹೆಸರನ್ನೂ ಊರನ್ನೂ ಇಲ್ಲಿ ಬಿಟ್ಟಿದ್ದೇವೆ. ಅವರ ಐದೂವರೆ ವರ್ಷದ ಮಗನಿಗೆ ಆಟಿಸಂ (ಮಾತು, ಒಡನಾಟ, ನಡವಳಿಕೆಗಳ ಬೆಳವಣಿಗೆ ಬೇರೆ ರೀತಿಯಲ್ಲಿರುವ ಸ್ಥಿತಿ) ಇದೆಯೆಂದು ಕಳೆದ ವರ್ಷ ಮೈಸೂರಿನಲ್ಲಿ ತಪಾಸಣೆಯಾದಾಗ ತಿಳಿಯಿತು. ಮಾತಿನ ತರಬೇತಿ ಆರಂಭವಾಗಿ ಕೆಲವು ತಿಂಗಳಾದ ಮೇಲೆ, ಮೊಬೈಲಿನ ವಿಡಿಯೊ ಕರೆಯಲ್ಲಿ ಸಲಹೆ ಕೊಡುವ ಒಬ್ಬರು ಹಾಲು, ಮೊಸರು, ತುಪ್ಪ, ಗೋಧಿ, ಸಕ್ಕರೆಗಳನ್ನು ಒಂದೇ ದಿನದಿಂದ ನಿಲ್ಲಿಸಬೇಕೆಂದು ಹೇಳಿದರಂತೆ. ಜೊತೆಗೆ ರಕ್ತದ ಮಾದರಿ ತರಿಸಿಕೊಂಡು, ಮಗುವಿಗೆ ‘ಆಗದ’ ಪದಾರ್ಥಗಳ ಉದ್ದನೆಯ ಪಟ್ಟಿಯೊಂದನ್ನೂ ಕಳುಹಿಸಿದರಂತೆ. ಮೊದಲು ಮೊಸರನ್ನ, ಸಾದಾ ದೋಸೆ, ಚಪಾತಿ, ಬಾಳೆಹಣ್ಣು ಮತ್ತು ಒಂದೇ ಕಂಪನಿಯ ಬಿಸ್ಕತ್ತು ಇಷ್ಟನ್ನು ಮಾತ್ರ ತಿನ್ನುತ್ತಿದ್ದ ಮಗು ಈಗ ದೋಸೆ ಮತ್ತು ಬಾಳೆಹಣ್ಣಿಗೆ ಬಂದು ನಿಂತಿದೆ. ಮೂರು ತಿಂಗಳಲ್ಲಿ ತೂಕ ಇಳಿದಿದೆ. ಮೊದಲೇ ಇದ್ದ ಮಲಬದ್ಧತೆ ಹಾಗೆಯೇ ಇದೆ. ಅತ್ತೆಯವರು ಕಣ್ಣು ತಪ್ಪಿಸಿ ಬಿಸ್ಕತ್ತು ಕೊಡುತ್ತಾರೆ, ಪಥ್ಯ ಕೆಡುತ್ತಿರುವುದು ಅದರಿಂದಲೇ ಎಂದು ಯಜಮಾನರು ಸಿಟ್ಟಾಗುತ್ತಾರೆ. ಇದನ್ನು ಮುಂದುವರಿಸಬೇಕೆ, ಬಿಡಬೇಕೆ ಎಂಬುದು ತಾಯಿಯ ಪ್ರಶ್ನೆ.

ಸೋದರಿ, ಮೊದಲು ನೇರವಾದ ಉತ್ತರ ಹೇಳಿಬಿಡುತ್ತೇನೆ. ತೂಕ ಇಳಿಯುತ್ತಿರುವ, ಎರಡೇ ಪದಾರ್ಥ ತಿನ್ನುತ್ತಿರುವ ಮಗುವಿಗೆ ಈ ಪಥ್ಯ ಬೇಡ. ನಿಲ್ಲಿಸಿ, ಈ ವಾರದಲ್ಲೇ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಇದೇ ಸಲಹೆ ನಮ್ಮ ಸೀಮೆಯ ಇನ್ನೂ ಅನೇಕ ಮನೆಗಳನ್ನು ತಲುಪಿರಬಹುದು, ಮತ್ತು ನಿಮ್ಮ ಯಜಮಾನರಿಗೂ ಈ ಪುಟವನ್ನು ಓದಿ ತೀರ್ಮಾನಿಸುವ ಅವಕಾಶವಿರಬೇಕು.

ಹಾಲು ಮತ್ತು ಗೋಧಿ ಆಟಿಸಂನ ಲಕ್ಷಣಗಳನ್ನು ಹೆಚ್ಚಿಸುತ್ತವೆ ಎಂಬ ಆಪಾದನೆ ಹೊಸದೇನಲ್ಲ. ಆಟಿಸಂ ಇರುವ ಮಕ್ಕಳ ಮಿದುಳಿನಲ್ಲಿ ಅಫೀಮಿನ ಗುಣವುಳ್ಳ ವಸ್ತುಗಳು ಅತಿಯಾಗಿ ಕೆಲಸ ಮಾಡುತ್ತಿರಬಹುದೆಂಬ ಊಹೆಯನ್ನು ಜಾಕ್ ಪಾಂಕ್ಸೆಪ್ ಎಂಬ ವಿಜ್ಞಾನಿ 1979ರಲ್ಲಿ ಮುಂದಿಟ್ಟರು. ಹಾಲಿನಲ್ಲಿರುವ ಕೇಸೀನ್ ಮತ್ತು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನುಗಳು ಪೂರ್ತಿ ಜೀರ್ಣವಾಗದೆ ಅಂಥ ತುಣುಕುಗಳಾಗಿ ಒಡೆದು, ಕರುಳಿನಿಂದ ಸೋರಿ ರಕ್ತಕ್ಕೂ ಅಲ್ಲಿಂದ ಮಿದುಳಿಗೂ ಹೋಗುತ್ತವೆ ಎಂಬ ವಾದ ಆಮೇಲೆ ಅದಕ್ಕೆ ಸೇರಿಕೊಂಡಿತು. ಕೇಳುವುದಕ್ಕೆ ಸಮಂಜಸವಾಗಿಯೇ ಇದ್ದುದರಿಂದ ಬಹಳ ಬೇಗ ಹಬ್ಬಿತು. ಆದರೆ ಆ ತುಣುಕುಗಳು ಇಂಥ ಮಕ್ಕಳ ಮೂತ್ರದಲ್ಲಿ ಹೆಚ್ಚಾಗಿರಬೇಕಲ್ಲವೇ ಎಂದು ಸೂಕ್ಷ್ಮ ಉಪಕರಣಗಳಿಂದ ಹುಡುಕಿದಾಗ ಅವು ಅಲ್ಲಿ ಕಂಡುಬರಲಿಲ್ಲ.

ಪಥ್ಯವನ್ನೇ ನೇರವಾಗಿ ಪರೀಕ್ಷಿಸಿದ ಅಧ್ಯಯನಗಳಲ್ಲಿ 2016ರಲ್ಲಿ ಪ್ರಕಟವಾದ ಅಮೆರಿಕದ ರಾಚೆಸ್ಟರಿನ ಅಧ್ಯಯನವನ್ನು ನಿಮಗೆ ಹೇಳಲೇಬೇಕು. ಅಲ್ಲಿ 3ರಿಂದ 5 ವರ್ಷದ 14 ಮಕ್ಕಳು ಹಾಲು ಮತ್ತು ಗೋಧಿಯಿಲ್ಲದ ಪಥ್ಯವನ್ನು ಆಹಾರತಜ್ಞರ ನಿಗಾದಲ್ಲಿ ಪಾಲಿಸಿದರು. ಪಥ್ಯಕ್ಕೆ ಹೊಂದಿಕೊಂಡ ಮೇಲೆ ಅವರಿಗೆ ವಾರಕ್ಕೊಮ್ಮೆ ತಿನಿಸೊಂದನ್ನು ಕೊಡಲಾಗುತ್ತಿತ್ತು. ಅದರಲ್ಲಿ ಒಮ್ಮೆ ಗ್ಲುಟೆನ್, ಒಮ್ಮೆ ಕೇಸೀನ್, ಒಮ್ಮೆ ಎರಡೂ ಇರುತ್ತಿದ್ದವು, ಇನ್ನೊಮ್ಮೆ ಎರಡೂ ಇರುತ್ತಿರಲಿಲ್ಲ. ಯಾವ ವಾರ ಯಾವುದು ಎಂಬುದು ತಂದೆತಾಯಿಗೂ ಗೊತ್ತಿಲ್ಲ, ಮಗುವನ್ನು ಗಮನಿಸುತ್ತಿದ್ದವರಿಗೂ ಗೊತ್ತಿಲ್ಲ. ಮಕ್ಕಳ ನಡವಳಿಕೆ, ನಿದ್ದೆ, ಹೊಟ್ಟೆಯ ಸ್ಥಿತಿ ಇವುಗಳಲ್ಲಿ ಗಮನಾರ್ಹವಾದ ವ್ಯತ್ಯಾಸ ಕಾಣಲಿಲ್ಲ. ಹದಿನಾಲ್ಕು ಮಕ್ಕಳದು ಸಣ್ಣ ಸಂಖ್ಯೆ ನಿಜ. ಆದರೂ ಯಾರಿಗೂ ಗೊತ್ತಾಗದ ಹಾಗೆ ನಡೆಸಿದ ಇಂಥ ಪರೀಕ್ಷೆಗೆ ಇರುವ ಬೆಲೆ, ಮೊಬೈಲಿನಲ್ಲಿ ಓಡಾಡುವ ನೂರು ಅನುಭವ ಕಥನಗಳಿಗೆ ಇರುವುದಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್, ಆಟಿಸಂನ ಮೂಲ ಲಕ್ಷಣಗಳಿಗಾಗಿ ಮಕ್ಕಳಿಗೆ ಇಂಥ ಪಥ್ಯ ಮಾಡಿಸಬಾರದೆಂದು 2013ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಗುಣ ಕಂಡೆವೆನ್ನುವ ತಂದೆತಾಯಂದಿರು ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಹಸುವಿನ ಹಾಲಿನಿಂದಲೇ ಮಲಬದ್ಧತೆಯಾಗುವ ಮಕ್ಕಳು ಇದ್ದಾರೆ, ಹಾಲಿನ ಸಕ್ಕರೆ ಅರಗದೆ ಹೊಟ್ಟೆಯುಬ್ಬರಿಸುವ ಮಕ್ಕಳೂ ಇದ್ದಾರೆ. ಹೊಟ್ಟೆನೋವನ್ನು ಬಾಯಿಬಿಟ್ಟು ಹೇಳಲಾಗದ ಮಗು ತಲೆ ಚಚ್ಚಿಕೊಳ್ಳಬಹುದು, ರಾತ್ರಿ ಎದ್ದು ಕೂರಬಹುದು. ಅಂಥ ಮಗುವಿಗೆ ಹಾಲು ನಿಲ್ಲಿಸಿದಾಗ ನೋವು ಹೋಗಿ ಮುಖ ಅರಳಿದರೆ, ಅದು ಹೊಟ್ಟೆಗೆ ಸಿಕ್ಕ ಪರಿಹಾರ. ಜೊತೆಗೆ ಪಥ್ಯ ಶುರುವಾಗುವ ಹೊತ್ತಿಗೇ ತರಬೇತಿಯೂ ಶುರುವಾಗಿರುತ್ತದೆ, ಮಗುವೂ ದಿನದಿನಕ್ಕೆ ಬೆಳೆಯುತ್ತಿರುತ್ತದೆ. ಇದರಲ್ಲಿ ಯಾವುದರ ಫಲ ಯಾವುದು ಎಂದು ಮನೆಯೊಳಗಿದ್ದು ಬೇರ್ಪಡಿಸುವುದು ಯಾರಿಗೂ ಸುಲಭವಲ್ಲ.

ನಿಮ್ಮ ಮಗನ ಮಲಬದ್ಧತೆಯನ್ನು ನಾನು ಇಲ್ಲಿ ಬಹಳ ಮುಖ್ಯವಾಗಿ ಎಣಿಸುತ್ತೇನೆ. ನಾಲ್ಕು ದಿನಕ್ಕೊಮ್ಮೆ, ಅದೂ ಅತ್ತುಕೊಂಡು, ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆ ಸಾಲಿಗೇ ಮೊದಲು ಚಿಕಿತ್ಸೆ ಬೇಕು. ಮಲ ಕಟ್ಟಿಕೊಂಡ ಮಗುವಿಗೆ ಹಸಿವೂ ಆಗುವುದಿಲ್ಲ, ಹೊಸ ತಿಂಡಿಯ ಮೇಲೆ ಮನಸ್ಸೂ ಹೋಗುವುದಿಲ್ಲ. ಆಟಿಸಂ ಇದೆ, ಅದಕ್ಕೇ ಹೀಗೆ ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ. ಬೇರೆ ಯಾವ ಮಗುವಿಗೆ ಹೊಟ್ಟೆಯ ತೊಂದರೆಯಿದ್ದರೆ ಏನೇನು ನೋಡುತ್ತಾರೋ ಅದೆಲ್ಲವನ್ನೂ ನಿಮ್ಮ ಮಗನಿಗೂ ನೋಡಬೇಕು. ಗೋಧಿಯ ವಿಷಯದಲ್ಲಿ ಒಂದು ಎಚ್ಚರಿಕೆಯಿದೆ. ಗ್ಲುಟೆನ್ನಿನಿಂದ ಸಣ್ಣ ಕರುಳು ನಿಜವಾಗಿಯೂ ಹಾಳಾಗುವ ಸೀಲಿಯಾಕ್ ಎಂಬ ಕಾಯಿಲೆಯೊಂದಿದೆ. ಅದನ್ನು ಪತ್ತೆಮಾಡುವ ರಕ್ತಪರೀಕ್ಷೆ, ಮಗು ಗೋಧಿ ತಿನ್ನುತ್ತಿರುವಾಗ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ಮೂರು ತಿಂಗಳು ಗೋಧಿ ಬಿಡಿಸಿ ಪರೀಕ್ಷೆ ಮಾಡಿಸಿದರೆ, ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಆದ್ದರಿಂದ ಯಾವಾಗಿನಿಂದ ಗೋಧಿ ನಿಲ್ಲಿಸಿದ್ದೀರಿ, ನಡುವೆ ಎಷ್ಟು ಬಿಸ್ಕತ್ತು ಹೊಟ್ಟೆಗೆ ಹೋಗಿದೆ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ನಿಮಗೆ ಬಂದಿರುವ ‘ಆಗದ’ ಪದಾರ್ಥಗಳ ಪಟ್ಟಿಯನ್ನು ಪಕ್ಕಕ್ಕಿಡಿ. ನೀವು ಲಗತ್ತಿಸಿದ ಪ್ರತಿಯಲ್ಲಿರುವುದು ಐಜಿಜಿ ಎಂಬ ಪ್ರತಿಕಾಯದ ಅಳತೆ. ಒಂದು ಪದಾರ್ಥವನ್ನು ಮಗು ತಿಂದಿದೆ ಎಂಬುದಕ್ಕೆ ಅದು ಗುರುತೇ ಹೊರತು, ಆ ಪದಾರ್ಥ ಮಗುವಿಗೆ ಆಗುವುದಿಲ್ಲ ಎಂಬುದಕ್ಕೆ ಅಲ್ಲ. ಅಲರ್ಜಿ ತಜ್ಞರ ಸಂಘಗಳು ಈ ಪರೀಕ್ಷೆಯನ್ನು ಆಧರಿಸಿ ಆಹಾರ ಬಿಡಿಸಬಾರದೆಂದು ಹೇಳುತ್ತಲೇ ಬಂದಿವೆ. ನಿಮ್ಮ ಪಟ್ಟಿಯಲ್ಲಿ ಅಕ್ಕಿ, ಬಾಳೆಹಣ್ಣು ಮತ್ತು ಹಾಲು ಮೇಲಿನ ಸಾಲುಗಳಲ್ಲೇ ಇರುವುದಕ್ಕೆ ಅವನು ದಿನವೂ ತಿನ್ನುತ್ತಿದ್ದುದು ಅವನ್ನೇ ಎಂಬುದೇ ಕಾರಣವಾಗಿರಬಹುದು. ಅದೇ ಸಲಹೆಗಾರರು ಒಂಟೆಯ ಹಾಲಿನ ಪುಡಿ ತರಿಸಿಕೊಳ್ಳಲು ಹೇಳಿದರೆಂದು ಬರೆದಿದ್ದೀರಿ. ಒಂಟೆಯ ಹಾಲಿನಲ್ಲೂ ಕೇಸೀನ್ ಇದೆ. ಕೇಸೀನ್ ವಿಷವೆಂದು ಹಸುವಿನ ಹಾಲು ಬಿಡಿಸಿದವರು ಅದನ್ನು ಹೇಗೆ ಕೊಡಿಸುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ.

ನಮ್ಮ ಮಂಡ್ಯ, ಮೈಸೂರು ಸೀಮೆಯಲ್ಲಿ ಗೋಧಿ ಬಿಡುವುದು ಅಷ್ಟೇನೂ ಕಷ್ಟವಲ್ಲ. ನಮ್ಮ ಊಟವೇ ರಾಗಿ ಮತ್ತು ಅಕ್ಕಿ, ಎರಡರಲ್ಲೂ ಗ್ಲುಟೆನ್ ಇಲ್ಲ. ಉಪ್ಪಿಟ್ಟು, ಶಾವಿಗೆ, ಬ್ರೆಡ್ಡು, ಮೈದಾ ಮತ್ತು ರವೆ ಬಿದ್ದ ಮದ್ದೂರು ವಡೆ ಬಿಟ್ಟರೆ ಹೆಚ್ಚೇನೂ ಹೋಗುವುದಿಲ್ಲ. ಸೀಲಿಯಾಕ್ ಇರುವ ಮಗುವಿಗಾದರೆ ಇನ್ನಷ್ಟು ಬಿಗಿ ಬೇಕಾಗುತ್ತದೆ. ಅಂಗಡಿಯ ಇಂಗಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದು ಬರೆದಿರುವುದನ್ನು ಓದಬೇಕಾಗುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸುವುದನ್ನೂ ಬಿಡಬೇಕಾಗುತ್ತದೆ. ನಿಮ್ಮ ಮನೆಯ ಮಟ್ಟಿಗೆ ನಿಜವಾದ ನಷ್ಟವಾಗಿರುವುದು ಹಾಲು ಮೊಸರಿನಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ ಹಸುವಿನ ಹಾಲು ಅಥವಾ ಅಷ್ಟೇ ಮೊಸರು ಅದರಲ್ಲಿ ಸುಮಾರು 240 ಮಿಲಿಗ್ರಾಂ ಒದಗಿಸುತ್ತದೆ. ಆಟಿಸಂ ಇರುವ ಗಂಡುಮಕ್ಕಳ ಮೂಳೆಯನ್ನು ಅಳೆದು 2008ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಇಂಥ ಮಕ್ಕಳ ಮೂಳೆಯ ಹೊರಪದರ ಮೊದಲೇ ತೆಳುವಾಗಿತ್ತು, ಹಾಲು ಬಿಟ್ಟವರಲ್ಲಿ ಇನ್ನೂ ತೆಳುವಾಗಿತ್ತು. ಬಿ12 ಜೀವಸತ್ವದ ಮಾತೂ ಇದೆ. ಮೊಟ್ಟೆ, ಮೀನು, ಮಾಂಸ ಮುಟ್ಟದ ನಿಮ್ಮ ಮಗನಿಗೆ ಅದು ಸಿಗುತ್ತಿದ್ದುದು ಮೊಸರಿನಿಂದ ಮಾತ್ರ, ಮತ್ತು ಬಿ12 ಕೊರತೆ ನರಗಳನ್ನೇ ಕಾಡುವಂಥದ್ದು.

ರಾಗಿಯಲ್ಲಿ ಸುಣ್ಣದಂಶ ಇದೆಯಲ್ಲ ಎಂದು ನಿಮ್ಮ ಅತ್ತೆಯವರು ಕೇಳಿದ್ದಾರೆ, ಸರಿಯಾಗಿಯೇ ಕೇಳಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಹಾಲಿನದರಷ್ಟು ಸಲೀಸಾಗಿ ಅದು ದೇಹಕ್ಕೆ ಹತ್ತುವುದಿಲ್ಲ, ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಆ ತೊಡಕು ಒಂದಿಷ್ಟು ಕಡಿಮೆಯಾಗುತ್ತದೆ. ಆದರೆ ಮಗು ಅದನ್ನು ಬಾಯಿಗೆ ಇಡಬೇಕಲ್ಲ. ಆಟಿಸಂ ಇರುವ ಅನೇಕ ಮಕ್ಕಳು ಬೆರಳೆಣಿಕೆಯ ಪದಾರ್ಥಗಳನ್ನು ಮಾತ್ರ ತಿನ್ನುವುದು ಹಟದಿಂದಲ್ಲ. ಅನ್ನದ ಮೆದು, ಸಾಸಿವೆ ಕಾಳಿನ ಒರಟು, ಹುಳಿಯ ವಾಸನೆ ಇವೆಲ್ಲ ಅವರಿಗೆ ನಮಗಿಂತ ಎಷ್ಟೋ ಪಾಲು ತೀವ್ರವಾಗಿ ತಟ್ಟುತ್ತವೆ. ಒಗ್ಗರಣೆ ಹಾಕಿದ ಮೊಸರನ್ನವನ್ನು ನಿಮ್ಮ ಮಗ ತಟ್ಟೆಸಮೇತ ದೂಡುತ್ತಿದ್ದ, ಮುರಿದ ಬಿಸ್ಕತ್ತು ಕೊಟ್ಟರೆ ಅಳುತ್ತಿದ್ದ ಎಂದು ಬರೆದಿದ್ದೀರಲ್ಲ, ಅವನ ಪಾಲಿಗೆ ಅದು ಬೇರೆಯದೇ ಪದಾರ್ಥ. ಹೀಗೆ ಐದೇ ಐದು ಪದಾರ್ಥಗಳನ್ನು ನಂಬಿದ ಮಗುವಿನಿಂದ ಮೂರನ್ನು ಕಿತ್ತುಕೊಂಡರೆ ಆ ಜಾಗಕ್ಕೆ ಬೇರೆ ಮೂರು ತಾನಾಗಿ ಬಂದು ಕೂರುವುದಿಲ್ಲ. ತೀರಾ ಕೆಲವೇ ಪದಾರ್ಥ ತಿಂದು ಬೆಳೆದ ಇಂಥ ಮಕ್ಕಳಲ್ಲಿ ಸಿ ಜೀವಸತ್ವದ ಕೊರತೆಯಿಂದ ಒಸಡಿನಲ್ಲಿ ರಕ್ತ ಬಂದು ನಡೆಯಲಾಗದ ಸ್ಥಿತಿಗೆ ಬಂದದ್ದು, ಎ ಜೀವಸತ್ವವಿಲ್ಲದೆ ಕಣ್ಣಿಗೇ ಕುತ್ತು ಬಂದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ತೂಕ ಇಳಿದ ಸಂಗತಿಯನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ಕದ್ದು ಬಿಸ್ಕತ್ತು ಕೊಟ್ಟ ಅಜ್ಜಿಯ ಮೇಲೆ ಸಿಟ್ಟು ಬೇಡವೆಂದು ಯಜಮಾನರಿಗೆ ಹೇಳಿ. ಹಸಿದ ಮೊಮ್ಮಗನನ್ನು ಅವರು ಕಂಡಿದ್ದಾರೆ, ಕಂಡದ್ದಕ್ಕೆ ತಕ್ಕಂತೆ ನಡೆದಿದ್ದಾರೆ.

ಕೂಸಾಗಿದ್ದಾಗಿನಿಂದ ಹಾಲು ಮೊಸರು ತಿಂದು ಅವನಿಗೆ ದದ್ದು, ಊತ, ವಾಂತಿ ಆಗಿದ್ದಿಲ್ಲವೆಂದು ನೀವೇ ಬರೆದಿರುವುದರಿಂದ, ಮೊಸರನ್ನವನ್ನು ಮತ್ತೆ ಕೊಡಲು ಅಂಜಬೇಕಾಗಿಲ್ಲ. ಬಿಟ್ಟು ಮೂರು ತಿಂಗಳಾದ್ದರಿಂದ ಅವನು ತಕ್ಷಣ ತಿನ್ನದೆಯೂ ಇರಬಹುದು. ಅದೇ ಬಟ್ಟಲು, ಅದೇ ಹದಕ್ಕೆ ಮೆದುವಾಗಿ ಕಲಸಿದ ಅನ್ನ, ಹುಳಿಯಿಲ್ಲದ ಮೊಸರು, ಒಗ್ಗರಣೆ ಬೇಡ. ಎರಡು ಚಮಚದಷ್ಟನ್ನು ದೋಸೆಯ ಪಕ್ಕದಲ್ಲಿಟ್ಟು ಸುಮ್ಮನಿರಿ. ಮುಟ್ಟಿದರೆ, ಮೂಸಿದರೆ, ಅಷ್ಟಕ್ಕೇ ಬಿಟ್ಟರೂ ಆ ದಿನಕ್ಕೆ ಸಾಕು. ಬಲವಂತವಾಗಿ ಬಾಯಿಗೆ ತುರುಕುವುದು, ಮೊಬೈಲ್ ತೋರಿಸಿ ಗಮನ ತಪ್ಪಿಸಿ ತಿನ್ನಿಸುವುದು ಎರಡೂ ಬೇಡ. ಹೊಸ ಪದಾರ್ಥವನ್ನು ಅವನು ತಿನ್ನುವ ದೋಸೆಯೊಳಗೆ ಬಚ್ಚಿಡಬೇಡಿ, ಗೊತ್ತಾದ ದಿನ ದೋಸೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ರಾಗಿಯನ್ನು ರೂಢಿ ಮಾಡಿಸಬೇಕೆಂದಿದ್ದರೆ, ಅವನ ದೋಸೆ ಎಂದಿನಂತೆಯೇ ಇರಲಿ, ಅದರ ಪಕ್ಕಕ್ಕೆ ರೂಪಾಯಿ ನಾಣ್ಯದಷ್ಟಗಲದ ರಾಗಿ ದೋಸೆಯೊಂದನ್ನು ಅವನ ಕಣ್ಣೆದುರೇ ಹುಯ್ದು ಇಡಿ. ವಾರಗಟ್ಟಲೆ ಅದು ಹಾಗೆಯೇ ಉಳಿಯಬಹುದು. ಉಳಿಯಲಿ.

ವೈದ್ಯರಿಗೆ ತೋರಿಸಲು ಮಂಡ್ಯದ ಮಿಮ್ಸ್ ಆಸ್ಪತ್ರೆಯಾಗಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯಾಗಲಿ ನಿಮಗೆ ಯಾವುದು ಹತ್ತಿರವೋ ಅಲ್ಲಿನ ಮಕ್ಕಳ ವಿಭಾಗಕ್ಕೆ ಹೋಗಿ. ಅಂಗನವಾಡಿಯ ತಾಯಿ ಕಾರ್ಡಿನಲ್ಲಿ ಬರೆದಿರುವ ಹಳೆಯ ತೂಕಗಳನ್ನು ಜೊತೆಗೆ ಒಯ್ಯಿರಿ, ಕಳೆದ ಒಂದು ವಾರದಲ್ಲಿ ಅವನು ಏನೇನು ಎಷ್ಟೆಷ್ಟು ತಿಂದ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಕ್ತಹೀನತೆ, ಕಬ್ಬಿಣ, ಡಿ ಮತ್ತು ಬಿ12 ಜೀವಸತ್ವಗಳ ಪರೀಕ್ಷೆ ಬೇಕೇ ಎಂದು ನೀವಾಗಿಯೇ ಕೇಳಿ. ಅಗಿಯುವ, ನುಂಗುವ ತೊಂದರೆ ಇದೆಯೇ ಎಂದು ನೋಡಬಲ್ಲವರು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇದ್ದಾರೆ. ಮಾತಿನ ತರಬೇತಿಗೆ ಹೇಗೂ ಅಲ್ಲಿಗೇ ಹೋಗುತ್ತಿದ್ದೀರಿ, ಊಟದ ವಿಷಯವನ್ನೂ ಅವರ ಮುಂದಿಡಿ. ಮುಂದೆಂದಾದರೂ, ಮಗು ತೂಕ ಕೂಡಿಸಿಕೊಂಡ ಮೇಲೆ, ಯಾವುದೋ ಒಂದು ಪದಾರ್ಥ ಅವನಿಗೆ ತೊಂದರೆ ಕೊಡುತ್ತಿದೆಯೆಂಬ ಅನುಮಾನ ಬಂದರೆ, ಅದೊಂದನ್ನೇ, ಗೊತ್ತುಪಡಿಸಿದ ಕೆಲವು ವಾರಗಳ ಮಟ್ಟಿಗೆ, ಆಹಾರತಜ್ಞರಿಗೆ ತಿಳಿಸಿ ಬಿಟ್ಟು ನೋಡಬಹುದು. ಬಿಟ್ಟಿರುವುದನ್ನು ಶಾಲೆಯ ಟೀಚರಿಗೆ ಹೇಳದೆ, ಅವರ ಕಣ್ಣಿಗೆ ಏನಾದರೂ ಬದಲಾವಣೆ ಕಂಡಿತೇ ಎಂದು ಆಮೇಲೆ ಕೇಳಿ. ಅಲರ್ಜಿಯಿದ್ದ ಮಗುವಿನ ವಿಷಯದಲ್ಲಿ ಮಾತ್ರ ಶಾಲೆಗೂ ಮೊದಲೇ ತಿಳಿಸಿರಬೇಕು.

ತಮ್ಮನ ಕಣ್ಣಿಗೆ ಬೀಳಬಾರದೆಂದು ಎಂಟು ವರ್ಷದ ಮಗಳಿಗೂ ಹಾಲು ಮೊಸರು ನಿಲ್ಲಿಸಿದ್ದೀರಿ, ಅವಳು ತಕರಾರು ಮಾಡಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ವಯಸ್ಸಿನ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅವಳಿಗೆ ನಾಳೆ ಬೆಳಗ್ಗೆಯಿಂದಲೇ ಹಾಲು ಕೊಡಿ, ತಮ್ಮನ ಎದುರಿಗೇ ಕುಡಿಯಲಿ.